ಇಟಲಿಯ ಒಕ್ಕಲುಮನೆಗಳಲ್ಲಿ ಅತಿಥಿಸತ್ಕಾರ

ಇಟಲಿ ದೇಶದ ಟಸ್ಕನಿ ಸೀಮೆಯ ಗುಡ್ಡಗಳಲ್ಲಿ ಬಹುಕಾಲ ಪಾಲು ಸಾಗುವಳಿಯು ನಡೆದುಬಂದಿತ್ತು. ಜಮೀನುದಾರನು ಭೂಮಿಯನ್ನೂ ಕಲ್ಲಿನ ಮನೆಯನ್ನೂ ಕೊಡುವನು. ಒಕ್ಕಲಿನವನು ದುಡಿದು ಹುಟ್ಟುವಳಿಯಲ್ಲಿ ಸುಮಾರು ಅರ್ಧವನ್ನು ಅವನಿಗೆ ಒಪ್ಪಿಸುವನು. ಎರಡನೆಯ ಮಹಾಯುದ್ಧದ ತರುವಾಯ ಒಕ್ಕಲುಗಳು ಕಾರ್ಖಾನೆಯ ಕೂಲಿಯನ್ನರಸಿ ಪಟ್ಟಣ ಸೇರಿದರು. 1964ನೆಯ ಇಸವಿಯ ಕಾನೂನು ಇಂತಹ ಹೊಸ ಕರಾರುಗಳನ್ನೇ ನಿಷೇಧಿಸಿತು. ಅನೇಕ ಮನೆಗಳು ಪಾಳುಬಿದ್ದವು; ಆಲಿವ್ ತೋಪುಗಳನ್ನು ಕೇಳುವವರಿಲ್ಲದಂತಾಯಿತು.

ಅಂತಹ ಮನೆಗಳಲ್ಲಿ ಹಲವು ಈಗ ಆದಾಯಕ್ಕೆ ಮೂಲವಾಗಿರುವುವು. ಪಟ್ಟಣಿಗರು ರಜೆಯಲ್ಲಿ ಬಂದು ತಂಗಿ, ದ್ರಾಕ್ಷಿಯ ಸಾಲುಗಳ ನಡುವೆ ಅಡ್ಡಾಡಿ, ಸೈಪ್ರೆಸ್ ಮರಗಳ ನೆರಳಿನಲ್ಲಿ ವಿಶ್ರಮಿಸಿ, ಸಂಜೆ ಮನೆಯವರು ಬಡಿಸಿದುದನ್ನು ಉಣ್ಣುವರು. ಊಟವೇನೂ ರಾಜಭೋಗವಲ್ಲ: ಉಪ್ಪಿಲ್ಲದ ರೊಟ್ಟಿ, ತೋಟದ ಆಲಿವ್ ಎಣ್ಣೆ, ಕುರಿಹಾಲಿನ ಚೀಸು, ಬೇಯಿಸಿದ ಬಿಳಿಯ ಕಾಳು, ಕಿಯಾಂತಿಯ ದ್ರಾಕ್ಷಾಮದ್ಯ. ದಲ್ಲಾಳಿಯ ಕೈಗೆ ಹೋಗುತ್ತಿದ್ದ ಪಾಲು ಹೀಗೆ ಮನೆಯಲ್ಲಿಯೇ ಉಳಿಯುವುದು.

1985ರಲ್ಲಿ ಈ ಪದ್ಧತಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನಾಯಿತು; 2006ರಲ್ಲಿ ಅದರ ಬದಲು ಹೊಸತು ಬಂದಿತು. ಇದರಲ್ಲಿ ಜಮೀನುದಾರರು ವಿಶೇಷವಾಗಿ ಗಮನಿಸತಕ್ಕ ಅಂಶವುಂಟು. ಬೇಸಾಯವೇ ಮುಖ್ಯ ಕಸುಬಾಗಿರತಕ್ಕದ್ದು; ಅದನ್ನು ಅಳೆಯುವುದು ವಿಶೇಷವಾಗಿ ಕೆಲಸಕ್ಕೆ ಹಿಡಿಯುವ ಕಾಲದಿಂದ. ಅತಿಥಿಗಳು ಹತ್ತು ಮಂದಿಗೆ ಮೀರದಿದ್ದರೆ ಬೇಸಾಯವೇ ಮುಖ್ಯವೆಂದು ಎಣಿಸಲ್ಪಡುವುದು. ಬಿಡಾರಕ್ಕೆ ಜಮೀನಿನಲ್ಲಿ ಮೊದಲೇ ಇರುವ ಕಟ್ಟಡಗಳನ್ನು ಬಳಸುವರು. ಬಡಿಸುವ ಪದಾರ್ಥಗಳಲ್ಲಿ ಬಹುಭಾಗವು ಸ್ವಂತ ಹೊಲದ್ದೂ ನೆರೆಯ ಹೊಲಗಳದ್ದೂ ಆಗಿರಬೇಕು. ಇದು ನ್ಯಾಯವೇ ಸರಿ. ಪೇಟೆಯ ಸಾಮಾನು ತಂದು ಬಡಿಸುವವನು ಹೋಟೆಲಿನವನಲ್ಲದೆ ಒಕ್ಕಲಿಗನೆನಿಸನು.

ಕಾಲವೂ ಅನುಕೂಲವಾಗಿದೆ. ಅತಿಥಿಗಳು ಹೆಚ್ಚಾಗಿ ಬರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ದ್ರಾಕ್ಷಿಯ ಕೊಯ್ಲು ಬಹುಮಟ್ಟಿಗೆ ಸೆಪ್ಟೆಂಬರಿನಲ್ಲಿ, ಆಲಿವಿನದು ಅಕ್ಟೋಬರಿನ ಮೇಲೆ.