ಮಳೆಗೆ ಮುಂಚಿನ ಎರಡು ತಿಂಗಳು

ಕ್ರಿಸ್ಮಸ್‌ಗೆಂದು ಬಳಿದ ಬಣ್ಣ ಫೆಬ್ರವರಿ ಹೊತ್ತಿಗೆ ಹಪ್ಪಳದಂತೆ ಎದ್ದು ಉದುರುವುದನ್ನು ಕೃಷ್ಣರಾಜಪುರದ ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಬಣ್ಣ ಬಳಿದವನನ್ನು ಬೈಯುತ್ತೇವೆ, ಡಬ್ಬಿ ಮಾರಿದವನನ್ನೂ ಬೈಯುತ್ತೇವೆ. ಆದರೆ ತಪ್ಪು ಹೆಚ್ಚಿನ ವೇಳೆ ಅವರದಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ತಾರಸಿಯಿಂದ ಇಳಿದ ನೀರು ಡಿಸೆಂಬರಿನಲ್ಲಿಯೂ ಗೋಡೆಯೊಳಗೇ ಇತ್ತು. ನಾವು ಅದರ ಮೇಲೆಯೇ ಬಣ್ಣ ಬಳಿಸಿದೆವು. ಬಿಸಿಲೇರಿದಾಗ ಆ ನೀರು ಗೋಡೆಯ ಉಪ್ಪನ್ನು ಜೊತೆಗೆ ತಂದು, ಬಣ್ಣವನ್ನು ತಳ್ಳಿಕೊಂಡು ಹೊರಬಂತು.

ಆದುದರಿಂದ ಉದುರಿದ ಬಣ್ಣವನ್ನು ಕಂಡು ಬೇಸರಪಡುವ ಬದಲು, ಮನೆಯ ದುರಸ್ತಿಗೆ ಅದೊಂದು ನಕ್ಷೆ ಎಂದು ತಿಳಿಯೋಣ.

ಈಗಲೇ ಏಕೆ?

ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿ ಎರಡೂ ತಿಂಗಳು ಸೇರಿ ಸರಾಸರಿ 10 ಮಿಲಿಮೀಟರಿನಷ್ಟೂ ಮಳೆ ಬೀಳುವುದಿಲ್ಲ. ಸೆಪ್ಟೆಂಬರ್ ಒಂದರಲ್ಲೇ 200 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಏಪ್ರಿಲ್ ಬಂದರೆ ಗುಡುಗಿನ ಮಾವಿನ ಮಳೆ ಶುರು. ಹೀಗೆ ಗೋಡೆ ಒಣಗಿ, ಗಾರೆ ಹಿಡಿಯುವ ಕಾಲ ಫೆಬ್ರವರಿ ಮತ್ತು ಮಾರ್ಚ್. ತಪಸ್ಸುಕಾಲದ ಶನಿವಾರಗಳು ಹೆಚ್ಚಾಗಿ ಈ ದಿನಗಳಲ್ಲೇ ಬರುತ್ತವೆ. ಶನಿವಾರಕ್ಕೊಂದು ಕೆಲಸದಂತೆ ಮನೆಮಂದಿಯೆಲ್ಲ ಹಿಡಿದರೆ, ಪಾಸ್ಕ ಹಬ್ಬದ ಹೊತ್ತಿಗೆ ಮನೆ ಮಳೆಗೆ ಸಿದ್ಧವಾಗಿರುತ್ತದೆ.

ಕಲೆ ಒಂದು ಕಡೆ, ತೂತು ಇನ್ನೊಂದು ಕಡೆ

ಮೊದಲು ತಿಳಿಯಬೇಕಾದ ಪಾಠ ಇದು: ತೇವ ಕಂಡ ಜಾಗವೇ ನೀರು ಹೊಕ್ಕ ಜಾಗವಲ್ಲ. ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ ಹೊಕ್ಕ ನೀರು ಮಾಳಿಗೆಯೊಳಗೆ ಹರಿದು, ನಾಲ್ಕು ಅಡಿ ಆಚೆ ಫ್ಯಾನಿನ ಕೊಕ್ಕೆಯ ಬಳಿ ಕಾಣಿಸಿಕೊಳ್ಳಬಹುದು. ಒಳಗಿನಿಂದ ಸಿಮೆಂಟು ಮೆತ್ತಿದರೆ ಕಲೆ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ.

ತಾರಸಿಗೆ ಹತ್ತಿ ನೋಡಬೇಕಾದ ಜಾಗಗಳು ನಾಲ್ಕು: ಮಳೆನೀರಿನ ಕೊಳವೆಯ ಬಾಯಿ, ಪ್ಯಾರಪೆಟ್ ಮೂಲೆಗಳು, ನೀರಿನ ತೊಟ್ಟಿಯ ಅಡಿ, ಡಿಶ್ಶಿನ ಕಂಬಕ್ಕೋ ಬಟ್ಟೆ ಒಣಗಿಸುವ ತಂತಿಗೋ ಕೊರೆದ ರಂಧ್ರಗಳು. ಕೊಳವೆಯ ಬಾಯಿಗೆ ಸಿಕ್ಕ ಒಂದು ಹಿಡಿ ಒಣ ಎಲೆ ಸಾಕು, ಇಡೀ ತಾರಸಿ ಕೆರೆಯಾಗಲು.

ಸಂಶಯವಿದ್ದ ಕಡೆ ನೀರು ನಿಲ್ಲಿಸಿ ಪರೀಕ್ಷಿಸಬಹುದು. ಇಡೀ ತಾರಸಿಗೆ ನೀರು ಕಟ್ಟಬೇಕಾಗಿಲ್ಲ. ಎರಡು ಮೀಟರು ಚೌಕಕ್ಕೆ ಜೇಡಿಮಣ್ಣಿನ ಸಣ್ಣ ಏರಿ ಕಟ್ಟಿ, ಒಂದು ಅಂಗುಲ ನೀರು ನಿಲ್ಲಿಸಲು ನೂರು ಲೀಟರು, ಅಂದರೆ ಐದು ದೊಡ್ಡ ಬಕೆಟ್ ಸಾಕು. ಒಂದು ದಿನ ಬಿಟ್ಟು ಕೆಳಗಿನಿಂದ ನೋಡಿರಿ. ಈ ಪರೀಕ್ಷೆ ಗಟ್ಟಿಯಾದ ಕಾಂಕ್ರೀಟು ತಾರಸಿಗೆ ಮಾತ್ರ. ಹಳೆಯ ಮದ್ರಾಸ್ ತಾರಸಿಯ ಮರದ ತೊಲೆಗಳ ಮೇಲೆ ನೀರಿನ ಭಾರ ಹೇರಬೇಡಿ.

ಬಿರುಕು ತುಂಬಿದ ಮೇಲೆ ಹಸಿ ಗಾರೆಯನ್ನು ಬಿಸಿಲಿಗೆ ಬಿಟ್ಟು ಹೋಗಬಾರದು. ಸಿಮೆಂಟು ಗಟ್ಟಿಯಾಗುವುದು ನೀರಿನ ಜೊತೆ ಕೂಡಿಯೇ. ಮಾರ್ಚ್ ಬಿಸಿಲಿಗೆ ಅದು ಬೇಗ ಒಣಗಿದರೆ ಮತ್ತೆ ಬಿರಿಯುತ್ತದೆ. ಸಂಜೆ ಕೆಲಸ ಮಾಡಿಸಿ, ಒದ್ದೆ ಗೋಣಿಚೀಲ ಹೊದಿಸಿ, ಏಳು ದಿನ ತೇವ ಆರದಂತೆ ನೋಡಿಕೊಳ್ಳಿ. ಆ ಬಳಿಕ ಒಳಗೋಡೆಗೆ ಒಣಗಲು ಕೆಲವು ವಾರ ಬಿಡಿ. ಬಣ್ಣ ಕಡೆಯ ಕೆಲಸ.

ಗೋಡೆಯ ಬಿರುಕಿಗೆ ತಾರೀಖು ಬರೆಯಿರಿ

ಕೂದಲೆಳೆಯಂಥ ಬಿರುಕು ಸಾಮಾನ್ಯವಾಗಿ ಮೇಲುಗಾರೆಯದು, ಅದಕ್ಕೆ ಹೆದರಬೇಕಾಗಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಾ ಹೋಗುವ ಬಿರುಕು ಬೇರೆ ಜಾತಿಯದು. ಪೆನ್ಸಿಲಿನಿಂದ ಬಿರುಕಿಗೆ ಅಡ್ಡಲಾಗಿ ಗೆರೆ ಎಳೆದು, ತುದಿ ಎಲ್ಲಿದೆ ಎಂದು ಗುರುತಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳ ನಂತರ ತುದಿ ಮುಂದಕ್ಕೆ ಹೋಗಿದ್ದರೆ ಮೇಸ್ತ್ರಿಯ ಮಾತಿಗೆ ನಿಲ್ಲದೆ ಇಂಜಿನಿಯರರನ್ನು ಕರೆಸಿರಿ.

ಕಾಂಪೌಂಡು ಮತ್ತು ಕರೆಂಟು

2025ರ ಮೇ 19ರಂದು ನಮ್ಮ ನೆರೆಯ ಮಹದೇವಪುರದಲ್ಲಿ ಮಳೆಗೆ ಕಾಂಪೌಂಡು ಗೋಡೆ ಕುಸಿದು ಕೆಲಸಕ್ಕೆ ಬಂದಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಅದೇ ದಿನ ಬಿ.ಟಿ.ಎಂ. ಬಡಾವಣೆಯ ವಸತಿ ಸಮುಚ್ಚಯವೊಂದರಲ್ಲಿ, ತುಂಬಿದ ನೀರನ್ನು ಪಂಪಿನಿಂದ ಹೊರಹಾಕುವಾಗ ಕರೆಂಟು ಹೊಡೆದು ಹಿರಿಯರೊಬ್ಬರೂ ಒಬ್ಬ ಬಾಲಕನೂ ಪ್ರಾಣ ಬಿಟ್ಟರು. ನಮ್ಮದೇ ಭಾಗದ ಹೊರಮಾವಿನ ಸಾಯಿ ಬಡಾವಣೆ ಆ ದಿನಗಳಲ್ಲಿ ನೀರಿನಲ್ಲಿ ನಿಂತಿತ್ತು. ಮಳೆಗಾಲ ಇನ್ನೂ ಶುರುವಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಕಾಂಪೌಂಡಿನ ಒಂದು ಬದಿಗೆ ಮಣ್ಣು, ಇಟ್ಟಿಗೆ ರಾಶಿ ಒರಗಿಸಿದ್ದರೆ ಈಗಲೇ ತೆಗೆಸಿ. ಒದ್ದೆ ಮಣ್ಣು ಒಣಮಣ್ಣಿಗಿಂತ ಬಹಳ ಭಾರ. ಅದು ಗೋಡೆಯನ್ನು ನೂಕುತ್ತದೆ. ಗೋಡೆಯ ಬುಡದಲ್ಲಿ ನೀರು ಹೊರಹೋಗುವ ರಂಧ್ರಗಳಿದ್ದರೆ ಕಡ್ಡಿ ಹಾಕಿ ಬಿಡಿಸಿ. ಗೋಡೆ ವಾಲಿದ್ದರೆ ಅದರ ಪಕ್ಕ ಮಕ್ಕಳು ಆಡದಂತೆ ಮಾಡಿ, ಕೆಡವಿ ಕಟ್ಟಿಸುವುದೇ ಸರಿ.

ಕರೆಂಟಿನ ಕೆಲಸ ಪರವಾನಗಿ ಇರುವವರಿಂದಲೇ ಮಾಡಿಸಬೇಕು. ಅವರನ್ನು ಕೇಳಬೇಕಾದ ಪ್ರಶ್ನೆ ಎರಡು: ಅರ್ಥಿಂಗ್ ಸರಿಯಾಗಿದೆಯೇ? ಆರ್.ಸಿ.ಸಿ.ಬಿ. ಇದೆಯೇ? 30 ಮಿಲಿಆಂಪಿಯರ್ ಅಳತೆಯ ಈ ಸಾಧನ, ಕರೆಂಟು ಮನುಷ್ಯನ ಮೈ ಮೂಲಕ ನೆಲಕ್ಕೆ ಸೋರಲು ಶುರುವಾದ ಕ್ಷಣದಲ್ಲೇ ಸಂಪರ್ಕ ಕಡಿಯುತ್ತದೆ. ಅದರ ಮೇಲೆ ಪರೀಕ್ಷೆಯ ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಬೇಕು. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಆ ಗುಂಡಿಗೆ ವಾರಕ್ಕೊಂದು ಬಕೆಟ್ ನೀರು ಹಾಕುವುದು ಹಿರಿಯರು ಮಾಡುತ್ತಿದ್ದ ಒಳ್ಳೆಯ ಅಭ್ಯಾಸ.

ಬರುವ ಮಳೆ ಹಿಡಿಯಲು

2024ರ ಮಾರ್ಚಿನಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗಾಗಿ ಕಾದ ದಿನಗಳು ನೆನಪಿವೆಯಲ್ಲವೇ? ನೂರು ಚದರ ಮೀಟರಿನ ತಾರಸಿಯ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ ಐದು ಸಾವಿರ ಲೀಟರು ನೀರು. ಕೊಳವೆ, ಸೋಸುವ ತೊಟ್ಟಿ ಇದ್ದವರು ಅದರ ಮರಳು, ಜಲ್ಲಿಯನ್ನು ಈಗ ತೊಳೆದಿಡಬೇಕು.

ನೀರು ಕೂಡಿಡುವ ಮನೆಯಲ್ಲಿ ಸೊಳ್ಳೆಯ ಎಚ್ಚರವೂ ಬೇಕು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಒಳಬದಿಗೆ ಅಂಟಿ, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಮೊದಲ ಮಳೆ ಸೋಕಿದರೆ ಒಡೆಯುತ್ತವೆ. ಆದುದರಿಂದ ಡ್ರಮ್ಮು, ಹೂಕುಂಡದ ತಟ್ಟೆಗಳನ್ನು ಬರಿದು ಮಾಡಿದರೆ ಸಾಲದು, ಒಳಗೆ ತಿಕ್ಕಿ ತೊಳೆಯಬೇಕು. ಸಂಪಿನ ಮುಚ್ಚಳಕ್ಕೆ ಸಂದಿ ಇರಬಾರದು. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಕಡಿಮೆಯಿರಬಹುದು. ಬಹಳ ಹೊತ್ತು ತೆರೆದಿಡದೆ, ಮೇಲೆ ಒಬ್ಬರು ಕಾವಲಿಲ್ಲದೆ ಯಾರೂ ಇಳಿಯಬಾರದು.

ಯಾರ ಮನೆ, ಯಾರ ಕೆಲಸ?

ನಮ್ಮಲ್ಲಿ ಬಹಳ ಮಂದಿ ಬಾಡಿಗೆದಾರರು. "ನಮ್ಮ ಮನೆಯಲ್ಲವಲ್ಲ" ಎಂದು ಬಾಡಿಗೆಯವರು ಸುಮ್ಮನಿರುತ್ತಾರೆ. "ಅವರೇನೂ ಹೇಳಲಿಲ್ಲವಲ್ಲ" ಎಂದು ಮಾಲೀಕರೂ ಸುಮ್ಮನಿರುತ್ತಾರೆ. ನಡುವೆ ಮಾಳಿಗೆ ಸೋರುತ್ತದೆ. ಫೆಬ್ರವರಿಯಲ್ಲೇ ಇಬ್ಬರೂ ಕೂಡಿ ತಾರಸಿ ಹತ್ತಿ ನೋಡಿದರೆ ಸೆಪ್ಟೆಂಬರಿನ ಜಗಳ ತಪ್ಪುತ್ತದೆ. ಏಣಿ ಹತ್ತಲಾಗದ ಹಿರಿಯರು, ಒಂಟಿ ತಾಯಂದಿರು ಪ್ರತಿ ಬೀದಿಯಲ್ಲಿದ್ದಾರೆ. ಅವರ ತಾರಸಿಯ ಎಲೆ ಗುಡಿಸಿಕೊಡಲು ಇಬ್ಬರು ಯುವಕರಿಗೆ ಅರ್ಧ ಗಂಟೆ ಸಾಕು.

ಮನೆಮಂದಿ ಕುಳಿತು ಮಾತಾಡಲು

1. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ತೇವ ಕಂಡದ್ದು ಎಲ್ಲಿ? ನೀರು ಹೊಕ್ಕದ್ದು ಎಲ್ಲಿಂದ?
2. ಈ ವರ್ಷ ಬಣ್ಣಕ್ಕೆ ಎತ್ತಿಟ್ಟ ಹಣದಲ್ಲಿ ಯಾವ ದುರಸ್ತಿ ಮೊದಲು ಆಗಬೇಕು?
3. ನಮ್ಮ ಬೀದಿಯಲ್ಲಿ ಯಾರ ತಾರಸಿಯನ್ನು ನಾವು ಹತ್ತಿ ನೋಡಿ ಬರಬೇಕು?