ಯುದ್ಧ ನೋಡುವುದಾದರೆ ಉದ್ದಕ್ಕೆ ನೋಡು

ತಮ್ಮಾ, ಪುಣೆಯ ಹಿಂಜವಡಿಯಿಂದ ಕೆಲಸ ಮುಗಿಸಿ ಬಂದು ರಾತ್ರಿಯೆಲ್ಲ ಫೋನಿನಲ್ಲಿ ಎರಡನೇ ಮಹಾಯುದ್ಧ ನೋಡುತ್ತೀಯಂತೆ. ಬೇಡ ಅನ್ನುವುದಿಲ್ಲ. ಆದರೆ ಆ ಹತ್ತು ನಿಮಿಷದ ತುಣುಕುಗಳಲ್ಲಿ ಇರುವುದು ಬರೀ ಟ್ಯಾಂಕು, ವಿಮಾನ, ಹಿಟ್ಲರನ ಮೀಸೆ. ರೇಷನ್ನಿಗೆ ಸಾಲು ನಿಂತವರ, ಮಗನ ಕಾಗದಕ್ಕೆ ಕಾದವರ ಯುದ್ಧ ಬೇಕಾದರೆ ಉದ್ದನೆಯ ಸಾಕ್ಷ್ಯಚಿತ್ರಕ್ಕೇ ಕೂರಬೇಕು.

'ದಿ ವರ್ಲ್ಡ್ ಅಟ್ ವಾರ್'ನಿಂದ ಶುರು ಮಾಡು. ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್ 1973–74ರಲ್ಲಿ ತಂದದ್ದು, 26 ಕಂತು. ಯುದ್ಧ ಮುಗಿದು ಆಗಿನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಹಾಗಾಗಿ ಕಣ್ಣಾರೆ ಕಂಡವರೇ ಮಾತಾಡುತ್ತಾರೆ. ಸಿಪಾಯಿಗಳು, ಗೃಹಿಣಿಯರು, ಹಿಟ್ಲರನ ಕಾರ್ಯದರ್ಶಿ ಟ್ರೌಡಲ್ ಯುಂಗೆ, ಮಂತ್ರಿ ಆಲ್ಬರ್ಟ್ ಸ್ಪೇರ್. ಈ ಸ್ಪೇರ್‌ನ ಮಾತನ್ನು ಮಾತ್ರ ಅನುಮಾನದಿಂದಲೇ ಕೇಳು. ತಪ್ಪನ್ನು ತೂಗಿ, ಬೇಕಾದಷ್ಟನ್ನೇ ಒಪ್ಪಿಕೊಳ್ಳುವುದರಲ್ಲಿ ಪಳಗಿದ ಆಸಾಮಿ ಅವನು.

ಇನ್ನೊಂದು ಕೊರತೆಯೂ ಉಂಟು. ನಮ್ಮ 25 ಲಕ್ಷ ಜನ ಸೈನ್ಯ ಸೇರಿದ ಯುದ್ಧವದು. ಆದರೆ ಆ 26ರಲ್ಲಿ ನಮ್ಮ ಕಡೆ ಮುಖ ಮಾಡುವುದು ಹೆಚ್ಚುಕಡಿಮೆ ಬರ್ಮಾದ ಕಂತೊಂದೇ. ಅದನ್ನು ನೋಡಿದ ಭಾನುವಾರ ಖಡಕಿಯ ಯುದ್ಧ ಸ್ಮಶಾನಕ್ಕೆ ಹೋಗಿ ಬಾ. ಎರಡನೇ ಮಹಾಯುದ್ಧದ 1,668 ಸಮಾಧಿಗಳಿವೆ. ಕಲ್ಲುಗಳ ಮೇಲಿನ ವಯಸ್ಸು ಓದು, ಎಷ್ಟೋ ಜನ ನಿನಗಿಂತ ಚಿಕ್ಕವರು.

ಕ್ಯಾಮೆರಾ ಯಾರ ಕೈಯಲ್ಲಿತ್ತು ಎಂದು ಪ್ರತಿ ಸಲ ಕೇಳಿಕೊ. 1943ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿನ ಪ್ರತಿ ಚಿತ್ರಮಂದಿರವೂ ತನ್ನ ಯುದ್ಧಪ್ರಚಾರದ ಚಿತ್ರಗಳನ್ನು ಕಡ್ಡಾಯವಾಗಿ ತೋರಿಸಬೇಕೆಂದು ಕಾನೂನು ಮಾಡಿತು. ಅದೇ ಹೊತ್ತಿಗೆ ಇದೇ ಪುಣೆಯ ಆಗಾಖಾನ್ ಅರಮನೆಯಲ್ಲಿ ಗಾಂಧೀಜಿ ಸೆರೆಯಲ್ಲಿದ್ದರು. 1944ರ ಫೆಬ್ರವರಿಯಲ್ಲಿ ಕಸ್ತೂರಬಾ ಅಲ್ಲೇ ತೀರಿಕೊಂಡರು. ಅದನ್ನು ತೋರಿಸುವುದು ಆ ಕ್ಯಾಮೆರಾದ ಕೆಲಸವಾಗಿರಲಿಲ್ಲ.

ಮೊದಲ ಮಹಾಯುದ್ಧಕ್ಕೆ 'ದಿ ಹಾಫ್‌ಮೂನ್ ಫೈಲ್ಸ್' ಹುಡುಕು. ಫಿಲಿಪ್ ಶೆಫ್ನರ್ ಎಂಬ ಜರ್ಮನ್ ನಿರ್ದೇಶಕನದು, 2007ರದು. ಬರ್ಲಿನ್ ಹತ್ತಿರದ ಸೆರೆಶಿಬಿರವೊಂದರಲ್ಲಿ ಮಲ್ ಸಿಂಗ್ ಎಂಬ ಸಿಪಾಯಿಯ ದನಿಯನ್ನು 1916ರಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಹಿಂದೂಸ್ಥಾನದಲ್ಲಿ ಬೆಣ್ಣೆ ತಿಂದುಕೊಂಡಿದ್ದವನೊಬ್ಬ ಈ ಯುದ್ಧಕ್ಕೆ ಬಂದು ಸಿಕ್ಕಿಬಿದ್ದ ಕಥೆ ಹೇಳುತ್ತಾನೆ, ಇನ್ನಾರದೋ ಕಥೆ ಎನ್ನುವ ಹಾಗೆ. ಟ್ಯಾಂಕು, ವಿಮಾನದ ಗದ್ದಲ ಬಯಸಿ ಕೂತರೆ ನಿನಗೆ ಬೇಸರವಾದೀತು. ನನಗಂತೂ ಈ ಎರಡು ಸಾಕ್ಷ್ಯಚಿತ್ರಗಳಲ್ಲಿ ಇದೇ ಹೆಚ್ಚು.

ದಿನಕ್ಕೆ ಒಂದೇ ಕಂತು, ಸಾಕು. ಮುಗಿದ ಮೇಲೆ ಫೋನು ಅತ್ತ ಇಟ್ಟು ಮಲಗು.