ಕೂಸು ನೋಡುವವರು ಯಾರು?

ಕುಮಟಾ, ಹೊನ್ನಾವರ ಕಡೆ ಹಾಲಕ್ಕಿ ಒಕ್ಕಲಿಗರು ಇರುವ ಕೇರಿಗೆ ಕೊಪ್ಪ ಅಂತೇವೆ. ಮಳೆ ಹಿಡಿಯಿತು ಅಂದರೆ ಕೊಪ್ಪ ಖಾಲಿ. ಅಪ್ಪ, ಅಮ್ಮ ಇಬ್ಬರೂ ನೆಟ್ಟಿ ಕೆಲಸಕ್ಕೆ ಗದ್ದೆಗೆ ಇಳಿಯುತ್ತಾರೆ.

ಕೂಸು? ಅಜ್ಜಿ ಇದ್ದರೆ ಚಿಂತೆ ಇಲ್ಲ. ಸೀರೆಯ ಜೋಲಿ ಕಟ್ಟಿ ತೂಗುತ್ತಾಳೆ. ಪದ ಹೇಳುತ್ತಾಳೆ. ಹಾಲಕ್ಕಿ ಅಜ್ಜಿಯರ ಪದಗಳೇನು ಸಣ್ಣವಲ್ಲ. ಅಂಕೋಲೆಯ ಸುಕ್ರಿ ಬೊಮ್ಮಗೌಡರು ಅಂಥ ಪದ ಹಾಡಿಯೇ 2017ರಲ್ಲಿ ಪದ್ಮಶ್ರೀ ಪಡೆದರು.

ನಡೆಯಲು ಕಲಿತ ಕೂಸು ಅಮ್ಮನ ಹಿಂದೆ ಗದ್ದೆಗೆ ಬರುತ್ತದೆ. ಕೆಸರಲ್ಲಿ ಆಡುತ್ತದೆ. ಸಸಿ ಯಾವುದು, ಕಳೆ ಯಾವುದು ಅಂತ ನೋಡಿ ನೋಡಿಯೇ ಕಲಿಯುತ್ತದೆ.

ಅಜ್ಜಿ ಇಲ್ಲದ ಮನೆಯಲ್ಲಿ ಅಕ್ಕ ಶಾಲೆ ತಪ್ಪಿಸುತ್ತಾಳೆ. ಅವಳಿಗೂ ಎಂಟೇ ವರ್ಷ! "ನಾಲ್ಕು ದಿನ ತಾನೇ" ಅಂತೇವೆ. ನಾಲ್ಕು ದಿನ ತಿಂಗಳಾಗುತ್ತದೆ. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಅವಳಿಗೆ ನಾಚಿಕೆ. ಮತ್ತೆ ಶಾಲೆಗೆ ಹೋಗುವುದಿಲ್ಲ ಅಂತಾಳೆ. ನಮ್ಮಲ್ಲೂ ಕೆಲವರ ಓದು ನಿಂತದ್ದು ಹೀಗೇ ಅಲ್ಲವೇ?

ಮೂರು ವರ್ಷ ತುಂಬಿದ ಕೂಸನ್ನು ಅಂಗನವಾಡಿಗೆ ಬಿಡಬಹುದು. ಅಲ್ಲಿ ಊಟ ಉಂಟು, ಆಟ ಉಂಟು. ಅದಕ್ಕಿಂತ ಸಣ್ಣ ಕೂಸುಗಳಿಗೆ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಯೋಜನೆ ತಂದಿತು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರಿಗಾಗಿ ಅದು ಶುರುವಾಯಿತು. ನಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ? ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ. ಅಲ್ಲಿವರೆಗೆ, ನೆಟ್ಟಿಗೆ ಮುಯ್ಯಾಳು ಮಾಡುತ್ತೇವಲ್ಲ, ಕೂಸು ನೋಡಲಿಕ್ಕೂ ಹಾಗೇ ಮಾಡಬಹುದು. ಇವತ್ತು ನಿಮ್ಮ ಜಗಲಿ, ನಾಳೆ ನಮ್ಮ ಜಗಲಿ.